ಜಿಂಕೆ ಕಾಡು ಅಂದುಬಿಟ್ಟೆ
ಡೇಟಾ ಕ್ಲೀನಪ್ ಮಾಡುವಾಗ ನನಗೊಂದು ಕೆಟ್ಟ ಚಟವಿತ್ತು. ಹೆಸರಿನ ಮೊದಲಲ್ಲಿ ಅಪಾಸ್ಟ್ರಫಿ (’) ಕಂಡರೆ ಸಾಕು, ಟ್ರಿಮ್ ಮಾಡಿಬಿಡುತ್ತಿದ್ದೆ.

ಕ್ಲೈಂಟ್ ನೆದರ್ಲೆಂಡ್ಸ್‌ನವರು, ಕೆಲಸ ವಿಳಾಸಗಳ ಮೈಗ್ರೇಶನ್, ಅಂದರೆ ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಸಾಗಿಸೋದು. ಊರಿನ ಕಾಲಮ್‌ನಲ್ಲಿ ’ಸ್-ಹೆರ್ಟೋಗೆನ್‌ಬಾಸ್ ಅಂತ ಸಾಲುಗಟ್ಟಲೆ ಇತ್ತು. ಹಳೇ ಸಿಸ್ಟಮ್‌ನ ಕಸ ಅಂದುಕೊಂಡೆ. ಒಂದು ರೀಜೆಕ್ಸ್ (ಅಕ್ಷರಗಳ ಮಾದರಿ ಹುಡುಕಿ ಬದಲಿಸುವ ಸೂತ್ರ), ಮುಂದಿನ ’ಸ್- ಮಾಯ. ಶುಕ್ರವಾರ ಸಂಜೆ ಪ್ರಾಡ್‌ಗೆ, ಅಂದರೆ ಗ್ರಾಹಕರು ಬಳಸುವ ಅಸಲಿ ಸಿಸ್ಟಮ್‌ಗೆ ಹೋಯಿತು.

ಸೋಮವಾರ ಲೇಬಲ್ ಒಂದೂ ಪ್ರಿಂಟ್ ಆಗಲಿಲ್ಲ. ಪೋಸ್ಟ್‌ಕೋಡ್ ಪಟ್ಟಿಯ ಜೊತೆ ಊರಿನ ಹೆಸರು ಹೊಂದುತ್ತಿರಲಿಲ್ಲ. ಕಾಲ್‌ನಲ್ಲಿ ಹದಿನಾಲ್ಕು ಜನ. ಸುಮ್ನೆ ತಪ್ಪಾಯ್ತು ಅನ್ನಬಹುದಿತ್ತು. ನಾನು ಅನ್‌ಮ್ಯೂಟ್ ಮಾಡಿ ಪಾಠ ಶುರು ಮಾಡಿದೆ: "ಡಚ್ಚಿನಲ್ಲಿ ಹೆರ್ಟ್ ಅಂದರೆ ಜಿಂಕೆ, ಬಾಸ್ ಅಂದರೆ ಕಾಡು. ಊರಿನ ಹೆಸರು ಜಿಂಕೆ ಕಾಡು. ಆ ’ಸ್ ಬೇಕಿಲ್ಲ." ಹಿಂದಿನ ರಾತ್ರಿ ನಿಘಂಟು ನೋಡಿದ್ದೆ, ಅದರ ಧೈರ್ಯ.

ಆ ಕಡೆಯಿಂದ ಸದ್ದೇ ಇಲ್ಲ. ನೆಟ್ ಹೋಯಿತೇನೋ ಅಂದುಕೊಂಡೆ. "ಮಾರಾಯ, ಮ್ಯೂಟ್ ಆಗು" ಅಂತ ಟೀಮ್ ಲೀಡ್ ಪಿಂಗ್ ಮಾಡಿದರು.

ಆಮೇಲೆ ಕ್ಲೈಂಟ್ ಕಡೆಯವರೊಬ್ಬರು ಮೆಲ್ಲಗೆ ಹೇಳಿದರು. ಅದು ಹೆರ್ಟ್ ಅಲ್ಲ, ಹೆರ್ಟೋಗ್, ಅಂದರೆ ಡ್ಯೂಕ್. ’ಸ್ ಅನ್ನೋದು ಹಳೇ ಡಚ್ಚಿನ ‘ದೆಸ್’ ಸವೆದು ಉಳಿದ ಚೂರು, ನಮ್ಮ ‘ಡ್ಯೂಕನ’ದ ‘ನ’ ಇದ್ದ ಹಾಗೆ. ಡ್ಯೂಕನ ಕಾಡು. ಬ್ರಬಾಂಟ್‌ನ ಡ್ಯೂಕ್ ಒಂದನೇ ಹೆನ್ರಿಯ ಕಾಲದ ಪಟ್ಟಣ, 1185ರ ಸುಮಾರಿನದು.

ಆ ರಾತ್ರಿ ಹೆರ್ಟೋಗ್ ಪದದ ಬೆನ್ನು ಹತ್ತಿದೆ. ಮೊದಲ ಭಾಗ ‘ಹೇರ್’ನ ಹಳೇ ಅರ್ಥ ಸೇನೆ. ಎರಡನೆಯದು ಎಳೆಯುವ, ನಡೆಸುವ ಕ್ರಿಯೆಯದು. ಜರ್ಮನ್ನರ ಹೆರ್ತ್ಸೋಗ್ ಕೂಡ ಇದೇ. ದಂಡು ನಡೆಸುವವನು, ಅಂದರೆ ನೆಟ್ಟಗೆ ನಮ್ಮ ದಂಡನಾಯಕ! ಅಪ್ಪನಿಂದ ಮಗನಿಗೆ ಬರುವ ಬಿರುದಾಗಿದ್ದು ಆಮೇಲೆ. ಜರ್ಮಾನಿಕ್ ಜನ ರಾಜನನ್ನು ಕುಲ ನೋಡಿ, ಸೇನಾನಾಯಕನನ್ನು ಪರಾಕ್ರಮ ನೋಡಿ ಆರಿಸುತ್ತಾರೆ ಅಂತ ರೋಮಿನ ಟ್ಯಾಸಿಟಸ್ ಬರೆದಿದ್ದ. ನಮ್ಮಲ್ಲಿ ಮ್ಯಾನೇಜರ್‌ನ ಏನು ನೋಡಿ ಆರಿಸುತ್ತಾರೋ.

ಯಾಕೆ ಹೇಳಿದೆ ಅಂದರೆ, ಆರ್‌ಸಿಎಯಲ್ಲಿ (ತಪ್ಪಿನ ಮೂಲ ಕಾರಣದ ವರದಿ) "ಸ್ಪೆಷಲ್ ಕ್ಯಾರೆಕ್ಟರ್ ಸಮಸ್ಯೆ" ಅಂತ ಬರೆಸಿದ್ದು ನಮ್ಮ ಮ್ಯಾನೇಜರೇ. ಮೂಲ ಕಾರಣ ನಾನು, ಕ್ಯಾರೆಕ್ಟರ್ ಅಲ್ಲ. ರೋಲ್‌ಬ್ಯಾಕ್ ಮಾಡಿ ಹಳೇ ಸ್ಥಿತಿಗೆ ತಂದ ಮೇಲೂ ಪೀಡೆ ಬಿಡಲಿಲ್ಲ. ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡುವ ಟೂಲ್‌ನ ಇನಿಟ್‌ಕ್ಯಾಪ್ ಆ ಸಣ್ಣ ‘ಸ್’ ಅನ್ನು ದೊಡ್ಡಕ್ಷರ ಮಾಡಿ ಇನ್ನೊಂದು ದಿನ ತಿಂದಿತು. ಡಚ್ಚರು ವಾಕ್ಯದ ಮೊದಲಲ್ಲೂ ಅದನ್ನು ಚಿಕ್ಕದಾಗೇ ಬರೆದು, ದೊಡ್ಡಕ್ಷರ ಹೆರ್ಟೋಗ್‌ಗೆ ಕೊಡುತ್ತಾರೆ. ಹೇಗ್ ನಗರದ ಉದ್ದ ಹೆಸರು ’ಸ್-ಗ್ರಾವೆನ್‌ಹಾಗೆ, ಅದರ ತಲೆಯನ್ನೂ ನನ್ನ ರೀಜೆಕ್ಸ್ ಹಾರಿಸಿತ್ತು. ಅಲ್ಲಿರುವುದು ಗ್ರಾಫ್, ಅಂದರೆ ಕೌಂಟ್. ಒಂದೇ ಸಂಜೆ ಇಬ್ಬರು ದೊರೆಗಳು.

ಈಗಲೂ ದಿನದ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಲೀಡ್ ಕೇಳುವುದು ಹೀಗೆ: "ಏನಪ್ಪಾ ಜಿಂಕೆ, ಟಿಕೆಟ್ ಎಲ್ಲಿಗೆ ಬಂತು?"