ಎಲ್ಲರಿಗೂ 200 ಮಿಲಿ

ನನ್ನ ಪಿಎಚ್‌ಡಿ ವಿಷಯ ಹೆರಿಗೆ ನಂತರದ ರಕ್ತಸ್ರಾವ. ಮನೆಗೆ ಬಂದವರು ಕೇಳಿದರೆ ಅಮ್ಮ "ಹೆಲ್ತ್ ಮೇಲೆ ಏನೋ ಮಾಡ್ತಿದಾಳೆ" ಅಂತ ಮಾತು ಮುಗಿಸಿಬಿಡುತ್ತಾಳೆ. ಊಟದ ಹೊತ್ತಲ್ಲಿ ಆಡೋ ಮಾತಲ್ಲ, ನಿಜ.

ರಾಯಚೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ರಿಜಿಸ್ಟರ್ ತಿರುವುತ್ತಾ ಕೂತಿದ್ದೆ. ತಾಯಿ ಕಾರ್ಡ್ ನಂಬರ್, ಮಗುವಿನ ತೂಕ, ಹೆರಿಗೆಯಾದ ಹೊತ್ತು, ಎಲ್ಲ ಒಬ್ಬೊಬ್ಬರದು ಒಂದೊಂದು ಥರ. ರಕ್ತ ಎಷ್ಟು ಹೋಯಿತು ಅನ್ನುವ ಕಾಲಂನಲ್ಲಿ ಮಾತ್ರ ಪುಟದುದ್ದಕ್ಕೂ 200, 200, 200. ನಡುವೆ ಎಲ್ಲೋ ಒಂದು 250. ಸಹಜ ಹೆರಿಗೆಯಲ್ಲಿ 500 ಮಿಲಿ ಮುಟ್ಟಿದರೆ ಅತಿ ರಕ್ತಸ್ರಾವ ಅನ್ನೋದು ಪುಸ್ತಕದ ಲೆಕ್ಕ. ಈ ರಿಜಿಸ್ಟರ್ ನಂಬಿದರೆ ಆ ತಾಲ್ಲೂಕಿನಲ್ಲಿ ಅಂಥ ತೊಂದರೆ ಯಾರಿಗೂ ಆಗಿಯೇ ಇಲ್ಲ!

ಹಾಗಾಗಿ ಸಿಸ್ಟರ್‌ಗಳಿಗೆ ರಕ್ತ ಅಂದಾಜು ಮಾಡುವ ಒಂದು ಪರೀಕ್ಷೆ ಇಟ್ಟೆ. ಹಿಂದಿನ ರಾತ್ರಿ ಲಾಡ್ಜ್ ರೂಮಿನಲ್ಲಿ ಕೂತು ನೀರಿಗೆ ಕೆಂಪು ಫುಡ್ ಕಲರ್, ಒಂಚೂರು ಕಾರ್ನ್‌ಫ್ಲೋರ್ ಕಲಸಿ ರಕ್ತ ಮಾಡಿದೆ. ಗಡ್ಡೆಗಳಿಗೆ ಸ್ಟ್ರಾಬೆರಿ ಜೆಲ್ಲಿ. ಬೆಳಿಗ್ಗೆ ಬಾತ್‌ರೂಮ್ ನೋಡಿದ ರೂಮ್‌ಬಾಯ್ ಮುಖ ನೋಡಬೇಕಿತ್ತು.

ಮಧ್ಯಾಹ್ನ ಲೇಬರ್ ರೂಮ್ ಖಾಲಿ ಇತ್ತು. ಒಂದು ಟ್ರೇಯಲ್ಲಿ 150 ಮಿಲಿ ಸುರಿದೆ. ಬೆಡ್‌ಶೀಟ್ ಮೇಲೆ ಅರ್ಧ ಲೀಟರ್, ನೆಲದ ಮೇಲೆ ಒಂದು ಲೀಟರ್. ಪ್ರತಿಯೊಬ್ಬರೂ ನೋಡಿ ಚೀಟಿಯಲ್ಲಿ ಅಂದಾಜು ಬರೆಯಬೇಕು. ಟ್ರೇ ಹೆಚ್ಚುಕಮ್ಮಿ ಸರಿ ಬಂತು. ಬೆಡ್‌ಶೀಟ್‌ಗೆ ಬಂದಾಗ ತಪ್ಪಿತು. ಬಟ್ಟೆ ರಕ್ತ ಹೀರಿಕೊಂಡು ಸುಮ್ನೆ ಕೂತಿರುತ್ತೆ, ಹೇಳೋದೇ ಇಲ್ಲ. ನೆಲದ ಮೇಲಿನ ಒಂದು ಲೀಟರನ್ನು ಹೆಚ್ಚಿನವರು ಅರ್ಧಕ್ಕೇ ಇಳಿಸಿದ್ದರು.

ಆಮೇಲೆ ಬ್ಯಾಗಿನಿಂದ ಡ್ರೇಪ್ ತೆಗೆದೆ. ಆಲಿಕೆಯ ಆಕಾರದ ಪ್ಲಾಸ್ಟಿಕ್ ಚೀಲ. ಮಗು ಹುಟ್ಟಿದ ತಕ್ಷಣ ತಾಯಿಯ ಸೊಂಟದ ಕೆಳಗೆ ಹಾಸಿ ದಾರ ಕಟ್ಟುತ್ತಾರೆ. ರಕ್ತ ಕೆಳಗಿನ ಚೀಲಕ್ಕೆ ಇಳಿಯುತ್ತೆ, ಎಷ್ಟು ಮಿಲಿ ಅಂತ ಗೆರೆ ನೋಡಿ ಹೇಳಬಹುದು. ಇದರ ಕಥೆಯಲ್ಲಿ ನಮ್ಮ ಬೆಳಗಾವಿಯ ಪಾಲೂ ಇದೆ. ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗರ್ಭಕೋಶ ಬಿಗಿಯಾಗಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ದಾದಿಯರು ಕೊಟ್ಟಾಗ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಅಲ್ಲಿ ರಕ್ತ ಅಳೆದದ್ದು ಇಂಥ ಚೀಲದಿಂದಲೇ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಇ-ಮೋಟಿವ್ ಅಧ್ಯಯನ ಬಂತು. ಎಂದಿನ ಪದ್ಧತಿಯಲ್ಲಿ ಅತಿ ರಕ್ತಸ್ರಾವವಾದವರಲ್ಲಿ ಅರ್ಧದಷ್ಟು ಜನರದು ಮಾತ್ರ ಪತ್ತೆಯಾಗಿತ್ತು. ಚೀಲ ಬಳಸಿ, ಪತ್ತೆಯಾದ ಕೂಡಲೇ ಚಿಕಿತ್ಸೆ ಶುರುಮಾಡುವ ಪದ್ಧತಿ ತಂದಲ್ಲಿ ಪತ್ತೆಯಾಗುವುದು ಶೇ 93ಕ್ಕೆ ಏರಿತು.

ಇಂಥ ವಿಷಯದ ಪ್ರಬಂಧಗಳು ಬಹಳಷ್ಟು ಒಂದೇ ಥರ ಮುಗಿಯುತ್ತವೆ: ಸಿಬ್ಬಂದಿಗೆ ತರಬೇತಿ ಬೇಕು. ನಾನೂ ಹಾಗೇ ಮುಗಿಸುತ್ತಿದ್ದೆನೇನೋ, ಚಹಾ ಕುಡಿಯಲು ಕೂರದೇ ಹೋಗಿದ್ದರೆ.

"ರಿಜಿಸ್ಟರ್‌ನ್ಯಾಗ ಎಲ್ಲಾರಿಗೂ 200 ಯಾಕ್ರೀ ಸಿಸ್ಟರ್?" ಅಂದೆ.

ಹಿರಿಯ ಸಿಸ್ಟರ್ ನಕ್ಕರು. "500 ಬರದ್ರ ಮುಗೀತ್ರೀ ಮೇಡಂ. ಯಾಕ ಹೋತು, ಏನ್ ಮಾಡಿದಿ, ಯಾಕ ರೆಫರ್ ಮಾಡ್ಲಿಲ್ಲ, ಮೀಟಿಂಗ್‌ನ್ಯಾಗ ನಿಂತು ಉತ್ತರ ಕೊಡಬೇಕು. ಬಾಣಂತಿ ಆರಾಮ ಅದಾಳ, ಕೂಸು ಹಾಲು ಕುಡಿಲಿಕ್ಕ ಹತ್ತೈತಿ. ಸುಮ್ನ ಯಾಕ ಬರೀಬೇಕು?"

ಹಾಗಂತ ಅವರು ನೋಡದೇ ಬಿಡುತ್ತಾರೆ ಅಂತಲ್ಲ. ಹೊಟ್ಟೆ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ, ಪ್ಯಾಡ್ ಎಷ್ಟು ನೆನೆದಿದೆ ಅಂತ ಲೆಕ್ಕ ಇಡುತ್ತಾರೆ. ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ತಪ್ಪಿಸುವುದಿಲ್ಲ. ರಿಜಿಸ್ಟರ್ ಬರೆಯುವುದು ಮಾತ್ರ ಮೇಲಿನವರಿಗೆ. ನಮ್ಮಂಥವರು ಅದನ್ನೇ ಡೇಟಾ ಅಂತ ಕಂಪ್ಯೂಟರಿಗೆ ತುಂಬುತ್ತೇವೆ.

ಇದರಲ್ಲಿ ಪೆಟ್ಟು ತಿನ್ನುವುದು ರಕ್ತ ಕಡಿಮೆ ಇರುವ ಹೆಂಗಸು. ಹಿಮೋಗ್ಲೋಬಿನ್ ಏಳರ ಹತ್ತಿರ ಇದ್ದರೆ 400 ಮಿಲಿಯೇ ಅವಳಿಗೆ ಜಾಸ್ತಿ. ನಮ್ಮ ರಾಜ್ಯದಲ್ಲಿ ಬಸುರಿಯರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ರಿಜಿಸ್ಟರ್‌ನಲ್ಲಿ ಅವಳಿಗೂ 200 ಅಂತಲೇ ಇದ್ದರೆ, ಪಾಳಿ ಬದಲಾದಾಗ ಬರುವ ಸಿಸ್ಟರ್‌ಗೆ ಏನು ಗೊತ್ತಾಗಬೇಕು?

ಡ್ರೇಪ್ ಬಗ್ಗೆ ಆ ಹಿರಿಯ ಸಿಸ್ಟರ್ ಹೇಳಿದ್ದು ನಾನು ಯಾವ ಪ್ರಬಂಧದಲ್ಲೂ ಓದಿರಲಿಲ್ಲ. "ರಾತ್ರಿ ಡಾಕ್ಟ್ರಿಗೆ ಫೋನ್ ಮಾಡಿ ಜಾಸ್ತಿ ಹೋಗ್ಲಿಕ್ಕ ಹತ್ತೈತಿ ಅಂದ್ರ, ಎಷ್ಟು ಅಂತ ಕೇಳ್ತಾರ. ಅಂದಾಜು ಹೇಳಿದ್ರ, ಇನ್ನೊಂಚೂರು ನೋಡು ಅಂತಾರ. ಚೀಲದಾಗ 450 ಐತ್ರೀ ಸರ್ ಅಂದ್ರ ಬರಾಕs ಬೇಕಲ್ರೀ."

ಗೈಡ್ ಸರ್‌ಗೆ ಇದನ್ನೆಲ್ಲ ಬರೆದು ತೋರಿಸಿದೆ. "ಇದು ಆಡಳಿತದ ವಿಷಯ, ಆರೋಗ್ಯದ್ದಲ್ಲ. ಒಂದು ಪ್ಯಾರಾದಲ್ಲಿ ಮುಗಿಸು" ಅಂದರು. ಸದ್ಯಕ್ಕೆ ಅದು ನನ್ನ ನಾಲ್ಕನೇ ಅಧ್ಯಾಯ. ತೆಗೆಯುವ ಯೋಚನೆಯಂತೂ ಇಲ್ಲ. ಆ ಸಿಸ್ಟರ್ ಫೋನ್ ಮಾಡಿದಾಗಲೆಲ್ಲ ಅಧ್ಯಾಯದ ಸುದ್ದಿ ಎತ್ತುವುದಿಲ್ಲ, ಚೀಲ ಮತ್ತೆ ಯಾವಾಗ ಕಳಿಸುತ್ತೀರಿ ಅಂತ ಕೇಳುತ್ತಾರೆ.