ಚುಕ್ಕಿಯಿಲ್ಲದ ಸಾಲು

ನನ್ನ ಗಂಡ ಯಹೂದಿ, ನಾನಲ್ಲ. ಆದರೂ ಮಗಳನ್ನು ಭಾನುವಾರ ಬೆಳಿಗ್ಗೆ ಎಬ್ಬಿಸಿ ಯಹೂದಿ ಮಕ್ಕಳಿಗೆ ಅವರ ಭಾಷೆ, ಧರ್ಮ ಕಲಿಸುವ ಹೀಬ್ರೂ ಶಾಲೆಗೆ ಬಿಡುವುದು ನನ್ನ ಕೆಲಸ. ಬುಧವಾರ ಸ್ಕೂಲ್ ಮುಗಿದ ಮೇಲೂ ಪಾಠ ಇರುತ್ತದೆ. ನಮ್ಮದು ರಿಫಾರ್ಮ್ ಎಂಬ ಉದಾರ ಪಂಥದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಅಪ್ಪ ಮಾತ್ರ ಯಹೂದಿಯಾದರೂ ಅಲ್ಲಿ ಮಗುವನ್ನು ತಮ್ಮದೆಂದೇ ನೋಡುತ್ತಾರೆ.

ಅಮೆರಿಕದಲ್ಲಿ ಇಂಥ ಭಾನುವಾರದ ಶಾಲೆ ಮೊದಲು ಶುರು ಮಾಡಿದ್ದು ಫಿಲಡೆಲ್ಫಿಯಾದ ರೆಬೆಕಾ ಗ್ರಾಟ್ಜ್, 1838ರಲ್ಲಿ. ಹುಡುಗರ ಜೊತೆ ಹುಡುಗಿಯರಿಗೂ ಪಾಠ, ಕಲಿಸುವವರು ಹೆಂಗಸರು. ಅದನ್ನು ಓದಿದ ದಿನ ತುಂಬ ಖುಷಿಯಾಯಿತು.

ಮಗಳ ಜೊತೆ ನಾನೂ ಅಕ್ಷರ ಕಲಿತೆ. ಒಟ್ಟು 22, ಬಲದಿಂದ ಎಡಕ್ಕೆ. ಎಲ್ಲವೂ ವ್ಯಂಜನ. ಸ್ವರ ಬೇಕಾದರೆ ಚುಕ್ಕಿ, ಗೆರೆ ಸೇರಿಸಬೇಕು. ‘ಬೆತ್’ ಕೆಳಗೆ ಪುಟ್ಟ ಅಡ್ಡಗೆರೆ ಹಾಕಿದರೆ ‘ಬ’, ಒಂದು ಚುಕ್ಕಿ ಇಟ್ಟರೆ ‘ಬಿ’. ನಮ್ಮ ಕಾಗುಣಿತದ ಹಾಗೇ ಅಲ್ವಾ!

ಕಷ್ಟ ಜಾಸ್ತಿಯಾಗುವುದು ಮುಂದೆ. ಯಹೂದಿಗಳ ಧರ್ಮಗ್ರಂಥ ಟೋರಾದ ಸುರುಳಿಯಲ್ಲಿ ಈ ಚುಕ್ಕಿಗಳೂ ಇಲ್ಲ, ರಾಗದ ಗುರುತೂ ಇಲ್ಲ. ಹುಡುಗಿ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಳೆಂದು ಆಚರಿಸುವ ಬಾತ್ ಮಿಟ್ಜ್ವಾ ದಿನ ಎಲ್ಲರೆದುರು ಅದನ್ನೇ ನೋಡಿ ಹಾಡಬೇಕು. ಸುರುಳಿಯನ್ನು ಬೆರಳಿಂದ ಮುಟ್ಟುವುದಿಲ್ಲ. ಅದಕ್ಕೆ ‘ಯಾದ್’ ಎಂಬ ಕಡ್ಡಿ ಇದೆ, ತುದಿಯಲ್ಲಿ ಬೆರಳು ಚಾಚಿದ ಪುಟಾಣಿ ಕೈ. ಮನೆಯಲ್ಲಿ ಅವಳಿಗೆ ಪೆನ್ಸಿಲ್ಲೇ ಯಾದ್.

ಹೋದ ವರ್ಷ ಫುಟ್‌ಬಾಲ್ ಆಟ ತಪ್ಪುತ್ತದೆ ಎಂದು ಅತ್ತಿದ್ದಳು. ನಾನೂ ಬಿಡಿಸಿಬಿಡೋಣ ಅಂದುಕೊಂಡಿದ್ದೆ. ಮೊನ್ನೆ ರಾತ್ರಿ ಚುಕ್ಕಿಯಿಲ್ಲದ ಮೂರು ಸಾಲು ಒಂದೂ ತಪ್ಪಿಲ್ಲದೆ ಹಾಡಿದಳು. ಪೆನ್ಸಿಲ್ ಇನ್ನೂ ಆ ಪುಟದ ಮೇಲೇ ಇದೆ.