ನಮ್ಮ ಹೆಸರು ಹೇಳಿ ಕಟ್ಟೋಕೆ ಹೊರಟಿದ್ದ ಲೀಗ್

2021ರ ಏಪ್ರಿಲ್ 18, ಭಾನುವಾರ ರಾತ್ರಿ. ಇಂಗ್ಲೆಂಡಿನಲ್ಲಿ ಜನ ಮಲಗೋ ಹೊತ್ತು, ನಮಗೆ ಆಗಲೇ ಸೋಮವಾರದ ಬೆಳಗಿನ ಜಾವ. ಯುರೋಪಿನ ಹನ್ನೆರಡು ದೊಡ್ಡ ಫುಟ್‌ಬಾಲ್ ಕ್ಲಬ್‌ಗಳು ಸೇರಿ ಒಂದು ಪ್ರಕಟಣೆ ಬಿಟ್ಟವು. ನಾವು ಸೂಪರ್ ಲೀಗ್ ಅಂತ ಬೇರೆ ಲೀಗ್ ಮಾಡ್ತೀವಿ, ರಿಯಲ್ ಮ್ಯಾಡ್ರಿಡ್‌ನ ಫ್ಲೊರೆಂಟಿನೊ ಪೆರೆಝ್ ಅದಕ್ಕೆ ಅಧ್ಯಕ್ಷರು, ಜೆಪಿ ಮಾರ್ಗನ್ ಬ್ಯಾಂಕ್ ದುಡ್ಡು ಹಾಕುತ್ತೆ ಅಂತ. ಸ್ಥಾಪಕ ಕ್ಲಬ್‌ಗಳಿಗೆ ಶುರುವಿಗೇ 350 ಕೋಟಿ ಯುರೋ. ಒಟ್ಟು 20 ತಂಡ, ಅದರಲ್ಲಿ 15 ತಂಡಕ್ಕೆ ಕಾಯಂ ಜಾಗ. ಎಷ್ಟೇ ಕೆಟ್ಟದಾಗಿ ಆಡಿದರೂ ಅವರನ್ನು ಯಾರೂ ಹೊರಗೆ ಹಾಕೋ ಹಾಗಿಲ್ಲ.

ಆ ಹನ್ನೆರಡರಲ್ಲಿ ನಾನು ಬೆಂಬಲಿಸೋ ಲಂಡನ್ ಕ್ಲಬ್, ನಮ್ಮ ಆರ್ಸೆನಲ್ ಕೂಡ ಇತ್ತು. ನಿಜ ಹೇಳ್ತೀನಿ, ನನಗೆ ಮೊದಲು ಸಿಟ್ಟಲ್ಲ, ನಗು ಬಂತು. ಅದೇ ಭಾನುವಾರ ನಾವು ನಮ್ಮದೇ ಮೈದಾನದಲ್ಲಿ ಫುಲ್‌ಹ್ಯಾಮ್ ಎದುರು ಕೊನೇ ಗಳಿಗೆಯ ಗೋಲಿನಿಂದ ಹೇಗೋ 1-1 ಮಾಡಿಕೊಂಡು ಉಸಿರು ಬಿಟ್ಟಿದ್ದೆವು. ಇಂಗ್ಲೆಂಡಿನ ಲೀಗ್ ಪಟ್ಟಿಯಲ್ಲಿ 9ನೇ ಸ್ಥಾನ. ಹನ್ನೆರಡರಲ್ಲಿ ಇನ್ನೊಂದಾದ ಟಾಟನ್‌ಹ್ಯಾಮ್ 7ನೇದು, ಅವರು ಲೀಗ್ ಗೆದ್ದು ಆಗ 60 ವರ್ಷ ಆಗಿತ್ತು. 4ನೇ ಸ್ಥಾನದಲ್ಲಿದ್ದ ವೆಸ್ಟ್ ಹ್ಯಾಮ್‌ಗೆ ಕರೆಯೇ ಇಲ್ಲ! ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ಅಂತೀವಲ್ಲ, ಅದನ್ನೇ ಇವರು ಸೂಟು ಹಾಕಿಕೊಂಡು ಮಾಡಿದ್ದು.

ಇಂಗ್ಲೆಂಡಿನ ಅಭಿಮಾನಿಗಳು ಮಾತ್ರ ನಗಲಿಲ್ಲ. ಕೋವಿಡ್ ಕಾಲ, ಸ್ಟೇಡಿಯಂ ಒಳಗೆ ಅವರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ಹೊರಗೆ ಬೀದಿಯಲ್ಲಿ ನಿಂತರು. ಲಿವರ್‌ಪೂಲ್‌ನಲ್ಲಿ ಕಾಪ್ ಅನ್ನೋ ಅಭಿಮಾನಿಗಳ ಗ್ಯಾಲರಿಯ ಬ್ಯಾನರ್ ನೋಡಿಕೊಳ್ಳೋ ಗುಂಪು, ನಮ್ಮ ಬಾವುಟ ನಮಗೆ ವಾಪಸ್ ಕೊಡಿ ಅಂತು. ಖಾಲಿ ಸ್ಟೇಡಿಯಂ ಟೀವಿಯಲ್ಲಿ ಬಣಬಣ ಅನ್ನದ ಹಾಗೆ ಇಷ್ಟು ದಿನ ಕಾಪಾಡಿದ್ದೇ ಆ ಬಾವುಟಗಳು. ಸೋಮವಾರ ಲೀಡ್ಸ್ ಊರಿನಲ್ಲಿ ಲಿವರ್‌ಪೂಲ್ ಆಟ. ಹೊರಗೆ ಯಾರೋ ಲಿವರ್‌ಪೂಲ್ ಜೆರ್ಸಿಗೆ ಬೆಂಕಿ ಇಟ್ಟರು, ಲೀಡ್ಸ್ ಆಟಗಾರರು 'ದುಡಿದು ಗಳಿಸಿ' ಅನ್ನೋ ಅರ್ಥದ ಟೀ ಶರ್ಟ್ ಹಾಕಿಕೊಂಡು ವಾರ್ಮಪ್ ಮಾಡಿದರು. ಆಟ ಮುಗಿದ ಮೇಲೆ ಲಿವರ್‌ಪೂಲಿನ ಜೇಮ್ಸ್ ಮಿಲ್ನರ್ ಕ್ಯಾಮೆರಾ ಮುಂದೆಯೇ ನನಗಿದು ಇಷ್ಟ ಇಲ್ಲ, ಇದು ಆಗದೇ ಇರಲಿ ಅಂದುಬಿಟ್ಟರು. ತಮ್ಮ ಮಾಲೀಕರ ವಿರುದ್ಧ, ಅದೂ ಲೈವ್‌ನಲ್ಲಿ.

ಮಂಗಳವಾರ ಲಂಡನ್ನಿನಲ್ಲಿ ಚೆಲ್ಸಿ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಜ್ ಹೊರಗೆ ನಡೆದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಚೆಲ್ಸಿ ಅಭಿಮಾನಿಗಳು ತಮ್ಮದೇ ತಂಡದ ಬಸ್ಸನ್ನು ತಡೆದು ನಿಲ್ಲಿಸಿದರು. ಎದುರಾಳಿ ತಂಡದ ಬಸ್ಸಲ್ಲ, ತಮ್ಮದೇ. 2012ರಲ್ಲಿ ಅವರಿಗೆ ಯುರೋಪಿನ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಗೋಲ್‌ಕೀಪರ್ ಪೀಟರ್ ಚೆಕ್ ಆಗ ಕ್ಲಬ್ಬಿನ ಆಡಳಿತದಲ್ಲಿದ್ದರು. ಅವರೇ ರಸ್ತೆಗೆ ಇಳಿದು, ಗುಂಪಿನ ಮಧ್ಯೆ ನಿಂತು, ಸ್ವಲ್ಪ ಟೈಮ್ ಕೊಡಿ, ಬಸ್ ಒಳಗೆ ಹೋಗೋಕೆ ಬಿಡಿ ಅಂತ ಬೇಡಿಕೊಂಡರು. ದೇವರ ಹಾಗೆ ಪೂಜಿಸಿದ್ದ ಆಟಗಾರನಿಗೆ ಜನ ಎದುರುಗಡೆಯೇ ಬೈದರು. ಅಷ್ಟರಲ್ಲಿ ಚೆಲ್ಸಿ ಹಿಂದೆ ಸರೀತಿದೆಯಂತೆ ಅಂತ ಸುದ್ದಿ ಬಂತು ನೋಡಿ, ಆ ರಸ್ತೆಯಲ್ಲಿ ಕಪ್ ಗೆದ್ದ ಹಾಗೆ ಕುಣಿತ. ಒಳಗೆ ಬ್ರೈಟನ್ ಜೊತೆ ಆಟ ಕಾಲು ಗಂಟೆ ತಡವಾಗಿ ಶುರುವಾಗಿ 0-0 ಆಯ್ತು. ಅದನ್ನು ಯಾರು ಕೇಳ್ತಾರೆ.

ಅಲ್ಲೇ ಒಬ್ಬರ ಕೈಲಿ ಒಂದು ಬೋರ್ಡ್ ಇತ್ತು. ಸ್ಟೋಕ್‌ನ ಚಳಿ ರಾತ್ರಿಗಳು ನಮಗೆ ಬೇಕು, ಅಂತ. ಸ್ಟೋಕ್ ಅಂದ್ರೆ ದೊಡ್ಡ ಕ್ಲಬ್ ಅಲ್ಲ, ಆಗ ಮೇಲಿನ ಲೀಗಿನಲ್ಲೂ ಇರಲಿಲ್ಲ. ಅವರ ಮೈದಾನ ಚಳಿಗೆ, ಗಾಳಿಗೆ, ಒರಟು ಆಟಕ್ಕೆ ಹೆಸರುವಾಸಿ. ಮೆಸ್ಸಿ ದೊಡ್ಡವನೇ ಇರಬಹುದು, ಆದರೆ ಮಳೆ ಹೊಡೆಯೋ ಚಳಿ ರಾತ್ರಿ ಸ್ಟೋಕ್‌ನಲ್ಲಿ ಆಡ್ತಾನಾ ಅಂತ ಅಲ್ಲಿಯವರ ಹಳೇ ಜೋಕು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಜೊತೆ ವಾರ ವಾರ ಆಡಿಸ್ತೀವಿ ಬನ್ನಿ ಅಂದ್ರೆ, ಬೇಡ, ಚಳೀಲಿ ನಡುಗಿಕೊಂಡು ಸ್ಟೋಕ್‌ನಲ್ಲಿ ಸೋತು ಬರ್ತೀವಿ ಅಂತಾರೆ ಇವರು. ಕೋಚ್ ಗಾರ್ಡಿಯೋಲಾ ಕೂಡ ಅದೇ ದಿನ ಹೆಚ್ಚು ಕಡಿಮೆ ಇದೇ ಹೇಳಿದರು, ಸೋತರೂ ಏನೂ ಆಗಲ್ಲ ಅಂದ್ರೆ ಅದು ಆಟವೇ ಅಲ್ಲ ಅಂತ. ರಾತ್ರಿ ಹೊತ್ತಿಗೆ ಅವರ ಮ್ಯಾಂಚೆಸ್ಟರ್ ಸಿಟಿಯೇ ಮೊದಲು ಹೊರಬಂತು. ಉಳಿದ ಐದು ಇಂಗ್ಲಿಷ್ ಕ್ಲಬ್‌ಗಳು ಅದರ ಹಿಂದೆ. ಘೋಷಣೆ ಆಗಿ ಇನ್ನೂ ಸರಿಯಾಗಿ ಎರಡು ದಿನ ಆಗಿತ್ತಷ್ಟೆ.

ನನ್ನನ್ನು ಕೆಣಕಿದ್ದು ಬೇರೆ ವಿಷಯ. ಈ ಯೋಜನೆಯ ಹಿಂದಿರೋರು ಊರಿನ ಹಳೇ ಅಭಿಮಾನಿಗಳನ್ನು 'ಲೆಗಸಿ ಫ್ಯಾನ್ಸ್' ಅಂತ ಕರೀತಾರೆ, ಅವರ ಕಣ್ಣೆಲ್ಲ 'ಮುಂದಿನ ಕಾಲದ ಫ್ಯಾನ್ಸ್' ಮೇಲಿದೆ ಅಂತ ಬಿಬಿಸಿ ವರದಿ ಮಾಡಿತ್ತು. ಪೆರೆಝ್ ಅಂತೂ ಟೀವಿಯಲ್ಲಿ ಕೂತು, ಈಗಿನ ಹುಡುಗರಿಗೆ ಫುಟ್‌ಬಾಲ್ ಬೋರಾಗಿದೆ, ಬೇಕಾದರೆ ಆಟದ ಸಮಯವನ್ನೇ ಕಡಿಮೆ ಮಾಡೋಣ ಅಂದರು. ಯಾರು ಸ್ವಾಮಿ ಈ ಮುಂದಿನ ಕಾಲದವರು? ನಾವೇ ಅಲ್ವಾ. ಬೆಂಗಳೂರಿನಲ್ಲೋ ಜಕಾರ್ತಾದಲ್ಲೋ ಕೂತು ಚಂದಾ ಕಟ್ಟಿ, ನಿದ್ದೆ ಕೆಟ್ಟು ನೋಡೋರು. ನಮಗೆ ದೊಡ್ಡ ಹೆಸರು ಸಾಕು, ಊರು ಬೇಡ, ಚರಿತ್ರೆ ಬೇಡ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ನಮ್ಮನ್ನ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆ, ನಾನು ಈ ಆಟಕ್ಕೆ ಅಂಟಿಕೊಂಡಿದ್ದೇ ಇದರಲ್ಲಿ ಯಾರು ಬೇಕಾದರೂ ಕೆಳಗಿನ ಲೀಗಿಗೆ ಬೀಳಬಹುದು ಅನ್ನೋ ಕಾರಣಕ್ಕೆ. ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿ ಕೊನೇ ಸ್ಥಾನಕ್ಕೆ ಬಂದಾಗಲೂ ಮುಂದಿನ ವರ್ಷ ಆರಾಮಾಗಿ ಬಂದು ನಿಲ್ತಿತ್ತು. ಆ ಸುಖ ನಮಗೆ ಬೇಕಾದಷ್ಟಿದೆ.

ಹಾಗಂತ ಅಭಿಮಾನಿಗಳೇ ಒಂಟಿಯಾಗಿ ಗೆದ್ದರು ಅನ್ನೋ ಕಥೆ ನಾನು ಪೂರ್ತಿ ಒಪ್ಪಲ್ಲ. ಯುರೋಪಿನ ಫುಟ್‌ಬಾಲ್ ನಡೆಸೋ ಸಂಸ್ಥೆ ಯುಇಎಫ್ಎ ಬೆದರಿಸಿತ್ತು, ಬೋರಿಸ್ ಜಾನ್ಸನ್ ಸರ್ಕಾರ ಕಾನೂನು ತರ್ತೀವಿ ಅಂದಿತ್ತು. ಜರ್ಮನಿಯ ದೊಡ್ಡ ಕ್ಲಬ್‌ಗಳಾದ ಬಯರ್ನ್, ಡಾರ್ಟ್‌ಮುಂಡ್ ಸೇರಲೇ ಇಲ್ಲ. ಜರ್ಮನಿಯಲ್ಲಿ 50+1 ನಿಯಮ ಇದೆ, ಕ್ಲಬ್ಬಿನಲ್ಲಿ ಬಹುಮತದ ವೋಟು ಸದಸ್ಯರ ಕೈಲೇ ಇರಬೇಕು. ಆ ವೋಟು ಇಟ್ಟುಕೊಂಡು ಇಂಥ ಕೆಲಸಕ್ಕೆ ಕೈ ಹಾಕೋದು ಸುಲಭ ಅಲ್ಲ. ಇನ್ನು ಆಟದ ಕಾವಲುಗಾರನ ಪೋಸು ಕೊಟ್ಟ ಯುಇಎಫ್ಎ ಏನು ಮಾಡಿತು ಗೊತ್ತಾ? ಆ ಗಲಾಟೆಯ ಮಧ್ಯೆಯೇ, ಸೋಮವಾರ, ಚಾಂಪಿಯನ್ಸ್ ಲೀಗನ್ನು 36 ತಂಡಕ್ಕೆ ಹಿಗ್ಗಿಸೋ ತೀರ್ಮಾನಕ್ಕೆ ಸಹಿ ಹಾಕಿತು. ಜಾಸ್ತಿ ಆಟ, ಜಾಸ್ತಿ ದುಡ್ಡು.

ಶಿಕ್ಷೆಯೋ, ಕೇಳಬೇಡಿ. ಆರು ಇಂಗ್ಲಿಷ್ ಕ್ಲಬ್ ಸೇರಿ ತಮ್ಮ ಪ್ರೀಮಿಯರ್ ಲೀಗಿಗೆ ಕೊಟ್ಟಿದ್ದು 2.2 ಕೋಟಿ ಪೌಂಡ್. ತಲಾ ಲೆಕ್ಕ ಹಾಕಿದರೆ ಒಬ್ಬ ಸ್ಟಾರ್ ಆಟಗಾರನ ವರ್ಷದ ಸಂಬಳಕ್ಕೂ ಸಾಲದು.

ಸಿಟ್ಟು ಎಲ್ಲಿಂದ ಬಂತು ಅಂತ ನೋಡಬೇಕಾದರೆ ಮ್ಯಾಂಚೆಸ್ಟರ್ ಯುನೈಟೆಡ್ ನೋಡಬೇಕು. 2005ರಲ್ಲಿ ಗ್ಲೇಝರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಆಗಿನಿಂದ ಕುದೀತಿದ್ದ ಜನಕ್ಕೆ ಈ ಲೀಗ್ ಒಂದು ನೆಪ ಅಷ್ಟೆ. ಮೇ 2ರಂದು, ಅಂದ್ರೆ ಸೂಪರ್ ಲೀಗ್ ಬಿದ್ದುಹೋದ ಮೇಲೂ, ಕ್ಲಬ್ಬಿನ ಹಳೇ ಬಣ್ಣವಾದ ಹಸಿರು ಹಳದಿ ಶಾಲು ಹಾಕಿಕೊಂಡು ಬಂದವರು ಓಲ್ಡ್ ಟ್ರಾಫರ್ಡ್ ಮೈದಾನಕ್ಕೇ ನುಗ್ಗಿದರು. ಲಿವರ್‌ಪೂಲ್ ಜೊತೆಗಿನ ಆಟ ಮುಂದಕ್ಕೆ ಹೋಯ್ತು. ಪೊಲೀಸರಿಗೆ ಗಾಯವೂ ಆಯ್ತು, ಅದನ್ನು ನಾನು ಸಮರ್ಥಿಸಲ್ಲ. ಆದರೆ 16 ವರ್ಷ ಪತ್ರ ಬರೆದು, ಬ್ಯಾನರ್ ಹಿಡಿದು ಆಗದ್ದನ್ನು ಅವತ್ತು ಇಡೀ ಜಗತ್ತು ನೋಡಿತು.

ನಮ್ಮಲ್ಲೂ ಇಂಥದ್ದು ಆಗಿದೆ, ಸದ್ದಿಲ್ಲದೆ. 2017ರ ಏಪ್ರಿಲ್‌ನಲ್ಲಿ ಮಿಜೋರಾಂನ ಐಜಾಲ್ ಎಫ್‌ಸಿ ಮೋಹನ್ ಬಗಾನ್, ಬೆಂಗಳೂರು ಎಫ್‌ಸಿಯಂಥವರನ್ನು ಹಿಂದೆ ಹಾಕಿ ದೇಶದ ಫುಟ್‌ಬಾಲ್ ಲೀಗಾದ ಐ-ಲೀಗ್ ಗೆದ್ದಿತು. ಮುಂದಿನ ಸೀಸನ್ನಿಗೆ ಐಪಿಎಲ್ ಮಾದರಿಯ ಫುಟ್‌ಬಾಲ್ ಲೀಗ್ ಐಎಸ್ಎಲ್‌ನಲ್ಲಿ ಜಾಗ ಸಿಕ್ಕಿದ್ದು ಬಿಡ್ ಹಾಕಿದ ಬೆಂಗಳೂರಿಗೆ, ಜಮ್ಶೆಡ್‌ಪುರಕ್ಕೆ. ಚಾಂಪಿಯನ್ ಅಲ್ಲೇ ಉಳೀತು. ಐ-ಲೀಗ್ ಗೆದ್ದು ಐಎಸ್ಎಲ್‌ಗೆ ಏರಿದ ಮೊದಲ ತಂಡ ಪಂಜಾಬ್, ಅದೂ 2023ರಲ್ಲಿ. ನಾವು ಬೆಂಗಳೂರಿನವರು ಆಗ ಯಾವ ಬಸ್ಸನ್ನೂ ಅಡ್ಡ ಹಾಕಲಿಲ್ಲ, ಕಂಠೀರವದಲ್ಲಿ ಕೂತು ಚಪ್ಪಾಳೆ ಹೊಡೆದೆವು.

ಸೂಪರ್ ಲೀಗ್ ಮುರಿದುಬಿದ್ದ ನಾಲ್ಕು ತಿಂಗಳಿಗೆ, ಆಗಸ್ಟ್ 13ರ ರಾತ್ರಿ, ಹೊಸ ಸೀಸನ್ನಿನ ಮೊದಲ ಆಟ. ಬ್ರೆಂಟ್‌ಫರ್ಡ್ ಅನ್ನೋ ಪುಟ್ಟ ಕ್ಲಬ್ 74 ವರ್ಷ ಆದ ಮೇಲೆ ಮೇಲಿನ ಲೀಗಿಗೆ ಏರಿ ಬಂದಿತ್ತು. ಎದುರಿಗೆ ಯಾರು? ನಮ್ಮ 'ಸೂಪರ್' ಆರ್ಸೆನಲ್. 2-0ಯಲ್ಲಿ ಬಾರಿಸಿದರು. ನಮಗೆ ಮಧ್ಯರಾತ್ರಿ ದಾಟಿತ್ತು, ಬೈದುಕೊಂಡೇ ಕೊನೇವರೆಗೂ ನೋಡಿದೆ. ಬ್ರೆಂಟ್‌ಫರ್ಡ್‌ನ ಹಳೇ ಅಭಿಮಾನಿಗಳು ಗ್ಯಾಲರಿಯಲ್ಲಿ ಖುಷಿಗೆ ಅಳ್ತಿದ್ದರು. ಆ ಕಾಯಂ ಜಾಗದ ಲೀಗಿನಲ್ಲಿ ಇಂಥ ರಾತ್ರಿ ಎಲ್ಲಿಂದ ತರ್ತಿದ್ದರು, ಹೇಳಿ.

ಆ ಯೋಜನೆಯವರು ಆಮೇಲೂ ಸುಮ್ನೆ ಕೂರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಯುಇಎಫ್ಎ ನಿಯಮಗಳ ವಿರುದ್ಧ ತೀರ್ಪು ಪಡೆದುಕೊಂಡರು. 2024ರಲ್ಲಿ ಯೂನಿಫೈ ಲೀಗ್ ಅಂತ ಹೊಸ ಹೆಸರು, 96 ತಂಡ, ಜೊತೆಗೆ ಎಲ್ಲ ಆಟವನ್ನೂ ಫ್ರೀಯಾಗಿ ತೋರಿಸ್ತೀವಿ ಅನ್ನೋ ಆಸೆ. ಫ್ರೀ ಅಂದ್ರೆ ಬೆಂಗಳೂರಿನವರು ಓಡಿ ಬರ್ತಾರೆ ಅಂತ ಯಾರೋ ಮತ್ತೆ ಲೆಕ್ಕ ಹಾಕಿದ್ದರು. ನಮ್ಮನ್ನ ಆ ಸಲವೂ ಕೇಳಲಿಲ್ಲ.